ಮಳೆಗಾಲದಲ್ಲಿ ಗ್ಯಾಸ್ ಗೀಸರ್ ಕೈಕೊಟ್ರೆ ಮೊದಲು ನೀರು ನೋಡಿ

ಕಕ್ಕಡದ, ಅಂದ್ರೆ ಜುಲೈ-ಆಗಸ್ಟಿನ, ಮಳೆ ಹಿಡಿದ ಮೇಲೆ ಕೊಡಗಿನ ಮೂರ್ನಾಡು ಕಡೆ ಯಾರ ಮನೇಲಿ ಕೇಳಿದ್ರೂ ಅದೇ ಮಾತು, ನೀರು ಒಂದ್ಸಲ ಸುಡತ್ತೆ, ಸೋಪು ಹಚ್ಕೊಂಡ್ಮೇಲೆ ಕೊರೆಯೋ ತಣ್ಣೀರು. ನಾನು ಹೇಳ್ತಿರೋದು ಗ್ಯಾಸ್ ಗೀಸರ್ ವಿಷಯ, ಯಾಕಂದ್ರೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಯಾವಾಗ ಬರತ್ತೋ ಗೊತ್ತಿಲ್ದಿರೋ ಊರಲ್ಲಿ ಕರೆಂಟ್ ಗೀಸರ್ ನಂಬ್ಕೊಂಡು ಕೂರಕ್ಕಾಗಲ್ಲ. ನಮ್ಮನೆಗೆ ಬಂದ ಮೆಕ್ಯಾನಿಕ್ ನೋಡಿದ ತಕ್ಷಣ ಒಳಗಿನ ಸರ್ಕ್ಯೂಟ್ ಬೋರ್ಡ್ ಹೋಗಿದೆ, ಬದಲಾಯಿಸ್ಬೇಕು ಅಂದ್ರು. ಬೋರ್ಡ್ ಚೆನ್ನಾಗೇ ಇತ್ತು. ಸುಮಾರು ಜನ ಹೀಗೆ ನೀರಿನ ತೊಂದರೆಗೆ ಬೇರೆ ಪಾರ್ಟ್ ಹಾಕಿಸಿ ದುಡ್ಡು ಕಳ್ಕೊಳ್ತಿದ್ದಾರೆ, ಅದು ನೋಡಿ ಬೇಜಾರಾಗಿ ಬರೀತಿದ್ದೀನಿ.

ಈ ಗೀಸರ್‌ಗಳಲ್ಲಿ ಬೆಂಕಿ ಹತ್ತೋದು ನೀರಿನ ಒತ್ತಡದಿಂದ. ಟ್ಯಾಪ್ ತಿರುಗಿಸಿದಾಗ ಒಳಗಿರೋ ರಬ್ಬರ್ ಡಯಾಫ್ರಮ್ ಉಬ್ಬಿ ಒಂದು ಪಿನ್ ತಳ್ಳತ್ತೆ, ಪಿನ್ ಸ್ವಿಚ್ ಒತ್ತತ್ತೆ, ಆಮೇಲೆ ಟಿಕ್ ಟಿಕ್ ಅಂತ ಕಿಡಿ, ಗ್ಯಾಸ್, ಬೆಂಕಿ. ನೀರಿನ ಓಟ ಕಮ್ಮಿ ಆಯ್ತೋ, ಬೆಂಕಿ ಆಫ್. ಒತ್ತಡ ಅಳೆಯೋದು ಬಾರ್ ಲೆಕ್ಕದಲ್ಲಿ, ಹತ್ತು ಮೀಟರ್ ಎತ್ತರದ ನೀರು ಅಂದ್ರೆ ಹತ್ತಿರ ಹತ್ತಿರ 1 ಬಾರ್, ಹಾಗಾಗಿ 0.3 ಬಾರ್ ಬೇಕು ಅಂತ ಬರೆದಿರೋ ಗೀಸರ್‌ಗೆ ಟ್ಯಾಂಕ್ ಸುಮಾರು 3 ಮೀಟರ್ ಮೇಲಿರ್ಬೇಕು. ನಮ್ಮ ಹಳೇ ಹೆಂಚಿನ ಮನೆಗಳಲ್ಲಿ ಟ್ಯಾಂಕ್ ಅಷ್ಟು ಎತ್ತರಕ್ಕೆ ಎಲ್ಲಿರತ್ತೆ, ಅಡುಗೆಮನೇಲಿ ಅತ್ತೆ ಪಾತ್ರೆ ತೊಳೆಯಕ್ಕೆ ಟ್ಯಾಪ್ ಬಿಟ್ರೆ ಸಾಕು, ಬಚ್ಚಲಲ್ಲಿ ಬೆಂಕಿ ಆರಿಹೋಗತ್ತೆ.

ಇನ್ನೊಂದು ಎಲ್ರೂ ಮಾಡೋದು ಮಿಕ್ಸರ್ ಟ್ಯಾಪಲ್ಲಿ. ನೀರು ಸುಡ್ತಿದೆ ಅಂತ ತಣ್ಣೀರು ಜಾಸ್ತಿ ಬಿಡ್ತೀವಿ, ತಣ್ಣೀರಿನ ದಾರಿ ಸಲೀಸು, ಅದೇ ನುಗ್ಗತ್ತೆ, ಗೀಸರ್ ಒಳಗೆ ಹೋಗೋ ನೀರು ಇಳಿಯತ್ತೆ, ಬೆಂಕಿ ಹೋಗತ್ತೆ, ತಣ್ಣಗಾಯ್ತು ಅಂತ ತಣ್ಣೀರು ನಿಲ್ಲಿಸ್ತೀವಿ, ಮತ್ತೆ ಹತ್ಕೊಳ್ಳತ್ತೆ, ಮತ್ತೆ ಸುಡತ್ತೆ. ಬಿಸಿ ಟ್ಯಾಪ್ ಪೂರ್ತಿ ಬಿಟ್ಟು, ಬಿಸಿ ಹೆಚ್ಚು ಕಮ್ಮಿ ಮಾಡೋದನ್ನ ಗೀಸರ್‌ನ ಗ್ಯಾಸ್ ನಾಬಲ್ಲೇ ಮಾಡಿ, ಅರ್ಧ ತೊಂದರೆ ಅಲ್ಲೇ ಹೋಗತ್ತೆ. 6 ಲೀಟರ್ ಗೀಸರ್ ಅಂದ್ರೆ ಸಾಮಾನ್ಯವಾಗಿ ನಿಮಿಷಕ್ಕೆ 6 ಲೀಟರ್ ನೀರನ್ನ 25 ಡಿಗ್ರಿ ಏರಿಸತ್ತೆ ಅಂತ. ಟ್ಯಾಂಕಲ್ಲಿ ನೀರು 25 ಡಿಗ್ರಿ ಇದ್ರೆ 50 ಆಗತ್ತೆ, 17 ಇದ್ರೆ 42 ಅಷ್ಟೇ. ಬೇಸಿಗೇಲಿ ಇಟ್ಟ ನಾಬು ಮಳೆಗಾಲಕ್ಕೆ ಆಗಲ್ಲ.

ನಮ್ಮನೇಲಿ ನಿಜವಾದ ಕಳ್ಳ ಸಿಕ್ಕಿದ್ದು ನೀರು ಒಳಗೆ ಹೋಗೋ ಕಡೆ. ಗೇಟ್ ವಾಲ್ವ್ ಮುಚ್ಚಿ ಪೈಪಿನ ನಟ್ ಬಿಚ್ಚಿದ್ರೆ ಉಗುರಿನಷ್ಟು ಚಿಕ್ಕ ಜಾಲರಿ, ಅದರ ತುಂಬ ಕೆಂಪು ಮಣ್ಣು, ಮಧ್ಯ ಕೊಳೆತ ಎಲೆಯ ನಾರು. ತೋಟದ ಮೇಲಿನ ತೊರೆಯಿಂದ ಪೈಪಲ್ಲಿ ಬರೋ ನೀರು, ಮಳೆಗೆ ಮಣ್ಣು ಬರದೇ ಇರತ್ತಾ. ಹಳೇ ಬ್ರಷ್ಷಲ್ಲಿ ಉಜ್ಜಿ ಹಾಕಿದೆ, ವಾಷರ್ ಸಮೇತ. ಆವಾಗ್ಲೇ ಷವರ್ ಹೆಡ್ಡೂ ತೊಳೆದೆ. ಕಿಡಿ ಹೊಡೆಸೋ ಬ್ಯಾಟರಿ ತೆಗೆದು ನೋಡಿದ್ರೆ ತೇವಕ್ಕೆ ತುದೀಲಿ ಹಸಿರು ಕಟ್ಟಿತ್ತು, ಸ್ಯಾಂಡ್‌ಪೇಪರ್ ಆಡಿಸಿ ಹೊಸ ಬ್ಯಾಟರಿ ಹಾಕಿದೆ.

ಸಿಲಿಂಡರ್ ಮುಗೀತಾ ಬಂದಾಗ್ಲೂ ಬಿಸಿ ಇಳಿಯತ್ತೆ, ಚಳಿಗೆ ಒಳಗಿನ ದ್ರವ ಬೇಗ ಗ್ಯಾಸ್ ಆಗಲ್ಲ.

ಇಂಗ್ಲೆಂಡಲ್ಲಿರೋ ತಮ್ಮ ಫೋನ್ ಮಾಡ್ದಾಗ ಇದನ್ನೆಲ್ಲ ಹೇಳಿದೆ. "ಅಕ್ಕಾ, ನಮ್ಮ ಬಾಯ್ಲರ್ ಕಥೇನೂ ಇದೇ" ಅಂದ. ಅಲ್ಲಿ ಕಾಂಬಿ ಬಾಯ್ಲರ್, ಒಂದೇ ಡಬ್ಬ ಸ್ನಾನದ ನೀರೂ ಕಾಯಿಸತ್ತೆ, ರೇಡಿಯೇಟರ್‌ಗೆ ನೀರು ಕಳಿಸಿ ರೂಮೂ ಬೆಚ್ಚಗಿಡತ್ತೆ. ಬಿಸಿನೀರಿನ ಟ್ಯಾಪ್ ಬಿಟ್ರೆ ಡೈವರ್ಟರ್ ವಾಲ್ವ್ ಬಿಸಿಯನ್ನೆಲ್ಲ ಟ್ಯಾಪ್ ಕಡೆ ತಿರುಗಿಸ್ಬೇಕು, ಅದು ಮಧ್ಯ ಸಿಕ್ಕಾಕೊಂಡ್ರೆ ಟ್ಯಾಪಲ್ಲಿ ಉಗುರುಬೆಚ್ಚಗೆ, ರೇಡಿಯೇಟರ್ ಸುಮ್ಮನೆ ಬಿಸಿ. ಬಾಯ್ಲರ್ ತಣ್ಣಗಿರೋವಾಗ ನೀರಿನ ಒತ್ತಡದ ಗೇಜ್ 1ರಿಂದ 1.5 ಬಾರ್ ತೋರಿಸ್ಬೇಕಂತೆ, ಅವನದು 0.5ಕ್ಕೆ ಇಳಿದಿತ್ತು.

ಒಂದು ಮಾತ್ರ ಕೈಮುಗಿದು ಕೇಳ್ತೀನಿ. ಮಳೆ ಎರಚಲು ಬೀಳತ್ತೆ ಅಂತ ಗೀಸರನ್ನ ಬಚ್ಚಲ ಒಳಗೆ ಹಾಕಿಸ್ಬೇಡಿ. ಕಿಟಕಿ ಮುಚ್ಚಿದ ಚಿಕ್ಕ ರೂಮಲ್ಲಿ ಗ್ಯಾಸ್ ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬತ್ತೆ, ಅದಕ್ಕೆ ವಾಸನೆ ಇಲ್ಲ, ತಲೆ ಸುತ್ತಿ ಬೀಳೋವರೆಗೂ ಗೊತ್ತಾಗಲ್ಲ, ಜೀವ ಹೋಗತ್ತೆ. ಹೊರಗೆ ಗೋಡೆಗೆ ಹಾಕಿ ಮೇಲೊಂದು ಶೀಟ್ ಇಳಿಸಿ. ಬೆಂಕಿ ನೀಲಿ ಇಲ್ದೆ ಹಳದಿಯಾಗಿ ಮಸಿ ಕಟ್ತಿದ್ರೆ ನೀವೇ ಬಿಚ್ಚಕ್ಕೆ ಹೋಗ್ಬೇಡಿ, ಗ್ಯಾಸ್ ವಾಲ್ವ್ ಮುಚ್ಚಿ ಗೊತ್ತಿರೋರನ್ನ ಕರೀರಿ.

ನಮ್ದು ಈಗ ಸರಿ ಇದೆ, ಆದ್ರೆ ಅತ್ತೆ ಟ್ಯಾಪ್ ಬಿಟ್ರೆ ಇನ್ನೂ ಆರತ್ತೆ. ಮಳೆ ಬಿಟ್ಟ ಮೇಲೆ ಟ್ಯಾಂಕಿಗೆ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಮಾಡಿಸ್ಬೇಕು, ವೆಲ್ಡಿಂಗ್‌ನವರಿಗೆ ಹೇಳಿಟ್ಟಿದ್ದೀನಿ.