ಸೌಂದರ್ಯ ಯಾವಾಗ ಬರ್ತಾಳೆ?

ನಿನ್ನೆ ರಾತ್ರಿ ಬದಿಯಡ್ಕದ ಮನೆಯಲ್ಲಿ ಹಲಸಿನ ಹಪ್ಪಳ ತಿನ್ನುತ್ತಾ ‘ಆಪ್ತರಕ್ಷಕ’ ನೋಡುತ್ತಿದ್ದೆವು. ಅರ್ಧ ಸಿನಿಮಾ ಆದ ಮೇಲೆ ಅಜ್ಜಿ ಕೇಳಿದರು, "ಸೌಂದರ್ಯ ಯಾವಾಗ ಬರ್ತಾಳೆ?" ಹಪ್ಪಳ ಬಾಯಿ ಹತ್ತಿರವೇ ನಿಂತಿತು.

ಸೌಂದರ್ಯ ತೀರಿಹೋದದ್ದು 2004ರ ಏಪ್ರಿಲ್‌ನಲ್ಲಿ. ಅವರು ನಟಿಸಿದ್ದ ಮೊದಲ ಭಾಗ ‘ಆಪ್ತಮಿತ್ರ’ ತೆರೆಗೆ ಬಂದದ್ದೇ ಆಮೇಲೆ, ಆಗಸ್ಟಿನಲ್ಲಿ. ಎರಡನೆಯದಾದ ಈ ‘ಆಪ್ತರಕ್ಷಕ’ದಲ್ಲಿ ರಮೇಶ್ ಅರವಿಂದ್ ಕೂಡ ಇಲ್ಲ. ಇದ್ದ ವಿಷ್ಣುವರ್ಧನ್, 2010ರಲ್ಲಿ ಅದು ಬಿಡುಗಡೆಯಾಗುವಷ್ಟರಲ್ಲಿ ಇರಲಿಲ್ಲ.

ಕಾಸರಗೋಡಿನ ನಮಗೆ ಈ ಬೇಜಾರು ಡಬಲ್. ‘ಆಪ್ತಮಿತ್ರ’ದ ಮೂಲ, ಮಲಯಾಳಂನ ‘ಮಣಿಚಿತ್ರತ್ತಾಳ್’ ಕೂಡ ನಮ್ಮದೇ ಅಲ್ವಾ! 2013ರ ‘ಗೀತಾಂಜಲಿ’ಯಲ್ಲಿ ಮೋಹನ್‌ಲಾಲ್ ಅದೇ ಡಾಕ್ಟರ್ ಸನ್ನಿಯಾಗಿ ವಾಪಸ್ ಬಂದರು, ಮೂಲದ ನಾಯಕಿ ಶೋಭನಾ ಬರಲಿಲ್ಲ. ಹೆದರಿಸಲು ಭೂತ ಯಾವುದಾದರೂ ಸಾಕು, ಆ ಕಣ್ಣುಗಳನ್ನು ಎಲ್ಲಿಂದ ತರುವುದು?

"ಇನ್ನು ಸ್ವಲ್ಪ ಹೊತ್ತು" ಎಂದೆ. ಅಜ್ಜಿ ಇನ್ನೊಂದು ಹಪ್ಪಳ ಮುರಿದರು.