ಇಟಲಿಗೆ ಒಂದು ತಿಂಗಳು: ಮಗಳ ಜೊತೆ ತಯಾರಿಯ ಡೈರಿ

ಜುಲೈ, ಮೊದಲ ವಾರ

ತಿಂಗಳಿಗೆ 10 ಸಾವಿರದಂತೆ ಐದು ವರ್ಷ ಕಟ್ಟಿದ ಚೀಟಿ ಮುಗಿಯಿತು. ದುಡ್ಡು ಕೈಗೆ ಬಂದ ದಿನವೇ ಮನೆಯಲ್ಲಿ ಹೇಳಿಬಿಟ್ಟೆ: ಇದು ಇಟಲಿಗೆ. ಮಗಳಿಗೆ ಈಗ ಹದಿನೈದು, ಹತ್ತನೇ ಕ್ಲಾಸು. ಮುಂದಿನ ವರ್ಷ ಪರೀಕ್ಷೆ ಮುಗಿದ ಮೇಲೆ ಪಿಯುಸಿ ಶುರುವಾಗೋವರೆಗೆ ಅವಳಿಗೆ ಬಿಡುವು. ಅದಾದ ಮೇಲೆ ಎರಡು ವರ್ಷ ಟ್ಯೂಷನ್, ಸಿಇಟಿ ಅಂತ ಅವಳು ನಮ್ಮ ಕೈಗೇ ಸಿಗೋದಿಲ್ಲ. ಹೋಗೋದಾದರೆ ಈಗಲೇ ಹೋಗಬೇಕು. ಅವಳಪ್ಪನಿಗೆ ಅಷ್ಟು ದಿನ ರಜೆ ಸಿಗಲ್ಲ, ಅತ್ತೆಯನ್ನೂ ಒಬ್ಬರೇ ಬಿಡೋ ಹಾಗಿಲ್ಲ. ಹಾಗಾಗಿ ನಾವಿಬ್ಬರೇ. ನಾನು ಇಎಲ್ (ಗಳಿಕೆ ರಜೆ) ಕೂಡಿಸಿಟ್ಟಿದ್ದೇನೆ.

ಮೊದಲ ಪಟ್ಟಿ ನಾನೇ ಬರೆದೆ. ಮಿಲಾನ್, ವೆರೋನಾ, ವೆನಿಸ್, ಬೊಲೋನ್ಯಾ, ಫ್ಲಾರೆನ್ಸ್, ಪಿಸಾ, ಸಿಯೆನಾ, ರೋಮ್, ನೇಪಲ್ಸ್, ಅಮಾಲ್ಫಿ, ಪಲೆರ್ಮೊ. ಹನ್ನೊಂದು ಊರು, 29 ರಾತ್ರಿ. ಮಗಳು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದಳು: "ಅಮ್ಮಾ, ಇದರಲ್ಲಿ ಎಲ್ಲಾದರೂ ಸುಮ್ನೆ ಕೂತ್ಕೊಳ್ಳೋ ದಿನ ಇದೆಯಾ?"

ಹುಡುಕಿದೆ. ಒಂದೂ ಇರಲಿಲ್ಲ.

ಜುಲೈ, ಕೊನೆ

ಊರುಗಳನ್ನು ಹೊಡೆದುಹಾಕೋದರಲ್ಲೇ ಮೂರು ವಾರ ಹೋಯಿತು. ಒಂದು ಊರಿಂದ ಇನ್ನೊಂದಕ್ಕೆ ಹೋಗೋ ದಿನ ಅರ್ಧ ಹಾಳಾದ ಹಾಗೇ ಲೆಕ್ಕ. ಬೆಳಿಗ್ಗೆ ರೂಮ್ ಖಾಲಿ ಮಾಡಬೇಕು, ಹೊಸ ಮನೆಯ ಬೀಗ ಮಧ್ಯಾಹ್ನ ಮೂರಕ್ಕೆ ಸಿಗುತ್ತದೆ, ನಡುವೆ ಬ್ಯಾಗ್ ಹೊತ್ತು ತಿರುಗಬೇಕು. ಹನ್ನೊಂದು ಊರಾದರೆ ಐದಾರು ದಿನ ಇದಕ್ಕೇ ಹೋಗುತ್ತದೆ. ಅದಕ್ಕೆ ಒಂದು ನಿಯಮ ಮಾಡಿಕೊಂಡೆವು: ಎಲ್ಲೇ ಉಳಿದರೂ ಕಡಿಮೆ ಅಂದರೆ ಆರು ರಾತ್ರಿ.

ಉಳಿದದ್ದು ರೋಮ್, ಫ್ಲಾರೆನ್ಸ್, ನೇಪಲ್ಸ್. ವೆನಿಸ್ ಬದಲು ಪಡುವಾ ಸೇರಿತು. ಪಡುವಾ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ವೆನಿಸ್‌ನಲ್ಲಿ ಉಳಿಯೋದು ದುಬಾರಿ. ಪಡುವಾದಿಂದ ವೆನಿಸ್‌ಗೆ ರೈಲಿನಲ್ಲಿ ಒಂದು ಗಂಟೆಯೊಳಗೆ ಹೋಗಬಹುದು. ಸಂಜೆ ವಾಪಸ್ ಬಂದರೆ ವಿದ್ಯಾರ್ಥಿಗಳಿಂದ ತುಂಬಿದ ಊರು. 1222ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅಲ್ಲಿದೆ. ಗೆಲಿಲಿಯೋ 1592ರಿಂದ 1610ರವರೆಗೆ ಅಲ್ಲೇ ಪಾಠ ಮಾಡಿದ್ದು. ಮಗಳು ಇದನ್ನು ಓದಿದ ಮೇಲೆ ಪಡುವಾ ಬಗ್ಗೆ ಚರ್ಚೆಯೇ ಆಗಲಿಲ್ಲ.

ಆಗಸ್ಟ್

ಇವತ್ತು ಒಂದು ಒಳ್ಳೆ ಸಂಗತಿ ಆಯಿತು, ಮರೆಯೋ ಮೊದಲು ಬರೆದಿಡುತ್ತೇನೆ.

ಚಿತ್ರ, ಶಿಲ್ಪ ಅಂದರೆ ಅವಳಿಗೆ ಅಷ್ಟಕ್ಕಷ್ಟೆ. "ಎರಡು ಚರ್ಚ್ ನೋಡಿದ ಮೇಲೆ ಎಲ್ಲ ಒಂದೇ ಥರ ಕಾಣುತ್ತೆ ಅಮ್ಮಾ" ಅಂತ ಮೊದಲೇ ಹೇಳಿದ್ದಳು. ನನಗೆ ಒಳಗೊಳಗೇ ಭಯ ಇತ್ತು. ಒಂದು ತಿಂಗಳು ಅವಳನ್ನು ಎಳೆದುಕೊಂಡು ಓಡಾಡಬೇಕಾಗುತ್ತದಾ ಅಂತ. ರೋಮ್‌ನ ಪ್ಯಾಂಥಿಯನ್ ಅನ್ನೋ ಹಳೇ ಗುಮ್ಮಟದ ದೇವಸ್ಥಾನದ ಫೋಟೋ ತೋರಿಸಿದಾಗ ತಟ್ಟನೆ ಕೇಳಿದಳು: "ಇದು ದೊಡ್ಡದಾ, ನಮ್ಮ ಗೋಳಗುಮ್ಮಟ ದೊಡ್ಡದಾ?"

ಕೂತು ಲೆಕ್ಕ ನೋಡಿದೆವು. ಗೋಳಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಪ್ಯಾಂಥಿಯನ್ 43.3 ಮೀಟರ್, ನೆಲದಿಂದ ಮೇಲಿನ ಕಿಂಡಿವರೆಗಿನ ಎತ್ತರವೂ ಅಷ್ಟೇ. ಒಳಗೆ ಒಂದು ಪೂರ್ತಿ ಚೆಂಡು ಕೂರುತ್ತದೆ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟು, ಸುಮಾರು 1,900 ವರ್ಷದಿಂದ ನಿಂತಿದೆ. ಮೇಲೆ ಹೋದಂತೆ ಹಗುರವಾದ ಕಲ್ಲಿನ ಚೂರು ಬಳಸಿದ್ದಾರೆ. ನಡುವಿನ ಕಿಂಡಿ ಬಯಲಿಗೇ ತೆರೆದಿದೆ, ಮಳೆ ಬಂದರೆ ಒಳಗೇ ಬೀಳುತ್ತದೆ. ನೀರು ಹೋಗೋಕೆ ನೆಲದಲ್ಲಿ ತೂತು ಬಿಟ್ಟಿದ್ದಾರೆ.

ರಾತ್ರಿ ಹನ್ನೊಂದಾದರೂ ಅವಳು ಕೂತಲ್ಲಿಂದ ಎದ್ದಿರಲಿಲ್ಲ. ಫ್ಲಾರೆನ್ಸ್ ಕಥೆಡ್ರಲ್‌ನ ಗುಮ್ಮಟಕ್ಕೆ ಬಂದಳು. ಅದರ ಅಗಲ ಸುಮಾರು 45 ಮೀಟರ್. 1420ರಲ್ಲಿ ಶುರು, 1436ರಲ್ಲಿ ಮುಗಿಯಿತು. ಕಟ್ಟಿಸಿದವನು ಬ್ರುನೆಲೆಸ್ಕಿ, ಮೂಲತಃ ಚಿನ್ನದ ಕೆಲಸ ಕಲಿತವನು. ಕಮಾನಿಗೆ ಕೆಳಗಿನಿಂದ ಮರದ ಆಸರೆ ಕೊಡದೆ ಇಟ್ಟಿಗೆ ಕಟ್ಟುತ್ತಾ ಹೋದ. ಹಾಗಾದರೆ ಗಾರೆ ಒಣಗೋ ಮೊದಲು ಇಟ್ಟಿಗೆ ಒಳಗೆ ಜಾರೋದಿಲ್ಲವಾ? ಇದು ಅವಳ ಪ್ರಶ್ನೆ. ಉತ್ತರ ಅವಳೇ ಹುಡುಕಿದಳು. ಮಲಗಿಸಿದ ಇಟ್ಟಿಗೆಗಳ ನಡುನಡುವೆ ಒಂದೊಂದನ್ನು ನೆಟ್ಟಗೆ ನಿಲ್ಲಿಸುತ್ತಾರೆ, ಮೀನಿನ ಮುಳ್ಳಿನ ಹಾಗೆ. ನಿಂತ ಇಟ್ಟಿಗೆ ಮಲಗಿದ್ದನ್ನು ಹಿಡಿದುಕೊಳ್ಳುತ್ತದೆ.

ಮಾರನೇ ದಿನ ಅಂಗಡಿಯಿಂದ ಬೆಂಕಿಪೊಟ್ಟಣದ ಬಂಡಲ್ ತಂದು, ಓರೆ ಹಲಗೆ ಮೇಲೆ ಎರಡೂ ಥರ ಜೋಡಿಸಿದಳು. ಬರೀ ಮಲಗಿಸಿದ ಸಾಲು ಬೇಗ ಜಾರಿತು. ನಡುವೆ ನಿಲ್ಲಿಸಿದ್ದು ಜಾಸ್ತಿ ಹೊತ್ತು ತಡೆಯಿತು. ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಈಗ ನಮ್ಮ ಪ್ರವಾಸಕ್ಕೆ ಒಂದು ದಾರ ಸಿಕ್ಕಿದೆ. ಗುಮ್ಮಟಗಳು.

ಸೆಪ್ಟೆಂಬರ್

ಊರುಗಳ ಕ್ರಮ ಬದಲಾಯಿತು, ಬದಲಿಸಿದ್ದು ಅವಳೇ. ನಾನು ರೋಮ್‌ನಿಂದ ಶುರು ಮಾಡಿದ್ದೆ. ನೇಪಲ್ಸ್ ಪಕ್ಕದ ಬಾಯಾ ಅನ್ನೋ ಊರಿನಲ್ಲಿ ರೋಮನ್ನರ ಸ್ನಾನಗೃಹಗಳ ಅವಶೇಷ ಇದೆ ಅಂತ ಅವಳು ಕಂಡುಹಿಡಿದಳು. ಅದರಲ್ಲಿ ಒಂದು ಕಾಂಕ್ರೀಟ್ ಗುಮ್ಮಟ, ಅಗಲ 21.5 ಮೀಟರ್. ಪ್ಯಾಂಥಿಯನ್‌ಗಿಂತ ಹಳೆಯದು. ಜನ ಅದನ್ನು ಮರ್ಕ್ಯುರಿ ದೇವಸ್ಥಾನ ಅಂತ ಕರೆಯುತ್ತಾರೆ, ನಿಜವಾಗಿ ಅದು ಸ್ನಾನದ ಕೋಣೆ. ಒಳಗೆ ನೀರು ನಿಂತಿದೆ, ಮಾತಾಡಿದರೆ ದನಿ ಗುಂಯ್‌ಗುಡುತ್ತದಂತೆ. ಗೋಳಗುಮ್ಮಟ ನೋಡಿದ ಹುಡುಗಿಗೆ ಇಷ್ಟು ಸಾಕಲ್ವಾ?

"ಹಳೇದರಿಂದ ಹೊಸದಕ್ಕೆ ಹೋಗೋಣ" ಅಂದಳು. ನಕ್ಷೆ ನೋಡಿದರೆ ನೇಪಲ್ಸ್, ರೋಮ್, ಫ್ಲಾರೆನ್ಸ್, ಪಡುವಾ ಎಲ್ಲ ದಕ್ಷಿಣದಿಂದ ಉತ್ತರಕ್ಕೆ ಒಂದೇ ದಾರಿಯಲ್ಲಿವೆ. ಒಮ್ಮೆಯೂ ಹಿಂದಕ್ಕೆ ಬರಬೇಕಿಲ್ಲ. ರೋಮ್‌ನಲ್ಲಿ ಇಳಿದು ಅವತ್ತೇ ವೇಗದ ರೈಲಿನಲ್ಲಿ ನೇಪಲ್ಸ್. ಒಂದೂಕಾಲು ಗಂಟೆ ಸಾಕು. ವಾಪಸ್ ಬರೋದು ವೆನಿಸ್ ವಿಮಾನ ನಿಲ್ದಾಣದಿಂದ. ನನ್ನ ಯೋಜನೆಗಿಂತ ಇದು ಎಷ್ಟೋ ಚೆನ್ನಾಗಿದೆ.

ಅಕ್ಟೋಬರ್, ದಸರಾ ರಜೆ

ಒಂದು ತಿಂಗಳು ನಾವಿಬ್ಬರೇ ಇರೋ ಮೊದಲು ಮೂರು ದಿನ ಇದ್ದು ನೋಡೋಣ ಅಂತ ವಿಜಯಪುರಕ್ಕೆ ಹೋಗಿಬಂದೆವು. ಮೈಸೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್. ತಲಾ ಒಂದೇ ಬ್ಯಾಗು. ಒಂದು ದಿನದ ಯಜಮಾನಿಕೆ ಪೂರ್ತಿ ಅವಳದು: ದುಡ್ಡು, ಆಟೋ, ಊಟ, ಟಿಕೆಟ್ ಎಲ್ಲ.

ಈ ಮೂರು ದಿನದಲ್ಲಿ ತಿಳಿದಷ್ಟು ಮೂರು ತಿಂಗಳು ಕೂತು ಯೋಚಿಸಿದರೂ ತಿಳಿಯುತ್ತಿರಲಿಲ್ಲ. ನಾನು ಐದೂವರೆಗೆ ಏಳುತ್ತೇನೆ. ಅವಳಿಗೆ ಒಂಬತ್ತರವರೆಗೆ ನಿದ್ದೆ ಬೇಕು, ಎಬ್ಬಿಸಿದರೆ ಮಧ್ಯಾಹ್ನದವರೆಗೆ ಮುಖ ಸರಿ ಇರಲ್ಲ. ಹಸಿವಾದರೆ ಹೇಳಲ್ಲ, ಸಿಟ್ಟು ಮಾಡಿಕೊಳ್ಳುತ್ತಾಳೆ. ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಸಣ್ಣ ಜಾಗ. ಮೂರನೆಯದು ಬೇಡವೇ ಬೇಡ. ಇಬ್ರಾಹಿಂ ರೋಜಾದ ಜಗಲಿಯಲ್ಲಿ ಒಂದು ಗಂಟೆ ಸುಮ್ನೆ ಕೂತೆವು. ಅದೇ ಅವಳಿಗೆ ತುಂಬಾ ಇಷ್ಟವಾದ ಜಾಗ.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆಯೋ ಹೊತ್ತಿಗೇ ಹೋದೆವು, ಅದೊಂದು ದಿನ ಅವಳಾಗಿಯೇ ಎದ್ದಳು. ಜನ ಇರಲಿಲ್ಲ. ಪಿಸುಮಾತಿನ ಮೊಗಸಾಲೆಯಲ್ಲಿ ಅವಳು ಆ ಬದಿ, ನಾನು ಈ ಬದಿ. "ಥ್ಯಾಂಕ್ಸ್ ಅಮ್ಮಾ" ಅಂದದ್ದು ಗೋಡೆಯಿಂದ ಕೇಳಿಸಿತು. ಎದುರಿಗೆ ಕೂತು ಅವಳು ಇದನ್ನು ಹೇಳುತ್ತಿರಲಿಲ್ಲ. ಆಮೇಲೆ ಕೆಳಗಿಳಿದು, ಒಂದನ್ನೊಂದು ಕತ್ತರಿಸಿಕೊಂಡು ಹೋಗೋ ಎಂಟು ಕಮಾನು ಗುಮ್ಮಟದ ಭಾರ ಹೇಗೆ ಹೊರುತ್ತವೆ ಅಂತ ನನಗೆ ವಿವರಿಸಿದಳು. 1656ರಲ್ಲಿ ಮುಗಿದ ಕಟ್ಟಡ, ಒಳಗೆ ಒಂದೂ ಕಂಬ ಇಲ್ಲ.

ನವೆಂಬರ್

ವಿಮಾನದ ಟಿಕೆಟ್ ಆಯಿತು. ಏಪ್ರಿಲ್ 13ಕ್ಕೆ ಇಳಿಯೋದು, ಮೇ 12ಕ್ಕೆ ಹೊರಡೋದು. ಇಬ್ಬರಿಗೂ ಸೇರಿ 1.3 ಲಕ್ಷ. ನೇಪಲ್ಸ್ 6 ರಾತ್ರಿ, ರೋಮ್ 9, ಫ್ಲಾರೆನ್ಸ್ 8, ಪಡುವಾ 6.

ಪಾಸ್‌ಪೋರ್ಟ್ ವಿಷಯದಲ್ಲಿ ಸ್ವಲ್ಪದರಲ್ಲಿ ಪಾರಾದೆವು. ಚಿಕ್ಕ ಮಕ್ಕಳಿಗೆ ಕೊಡೋ ಪಾಸ್‌ಪೋರ್ಟ್ ಐದೇ ವರ್ಷ ನಡೆಯುತ್ತದೆ. ಅವಳದ್ದು ಮೇ ತಿಂಗಳಲ್ಲೇ ಮುಗಿಯುತ್ತಿತ್ತು. ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಬಿಟ್ಟು ಹೊರಡೋ ದಿನದಿಂದ ಮುಂದೆ ಇನ್ನೂ ಮೂರು ತಿಂಗಳು ಅವಧಿ ಇರಬೇಕು. ತಕ್ಷಣ ರಿನ್ಯೂ ಮಾಡಿಸಿದೆವು. ಮಕ್ಕಳ ಜೊತೆ ಹೋಗೋರು ಮೊದಲು ಇದನ್ನೇ ನೋಡಿಕೊಳ್ಳಿ.

ಖರ್ಚಿಗೆ ಯೂರೋಗೆ 100 ರೂಪಾಯಿ ಅಂತ ಹಿಡಿದಿದ್ದೇನೆ. ಮನೆ ಬಾಡಿಗೆ ದಿನಕ್ಕೆ 80 ಯೂರೋ, ಊಟಕ್ಕೆ ಇಬ್ಬರಿಗೂ ಸೇರಿ 35, ರೈಲಿಗೆ ಒಟ್ಟು 250, ಪ್ರವೇಶದ ಟಿಕೆಟ್‌ಗಳಿಗೆ 250. ವೀಸಾ, ವಿಮೆ, ವಿಮಾನ ಸೇರಿಸಿದರೆ ಐದೂವರೆ ಲಕ್ಷದ ಆಸುಪಾಸು. ಚೀಟಿ ದುಡ್ಡಿನೊಳಗೆ ಬರುತ್ತದೆ.

ಮಗಳ ವಯಸ್ಸಿನಿಂದ ಒಂದು ದೊಡ್ಡ ಲಾಭ ಇದೆ. ಇಟಲಿ ಸರ್ಕಾರದ ಮ್ಯೂಸಿಯಂ, ಪುರಾತತ್ವ ಜಾಗಗಳಿಗೆ 18 ತುಂಬದವರಿಗೆ ಪ್ರವೇಶ ಉಚಿತ, ಯಾವ ದೇಶದವರಾದರೂ ಸರಿ. ಕೊಲೋಸಿಯಂ, ಪಾಂಪೇಯಿ, ಫ್ಲಾರೆನ್ಸ್‌ನ ಉಫಿತ್ಸಿ ಚಿತ್ರಶಾಲೆ, ಪ್ಯಾಂಥಿಯನ್ ಎಲ್ಲಕ್ಕೂ. ವ್ಯಾಟಿಕನ್ ಬೇರೆ ದೇಶ, ಅಲ್ಲಿ ಈ ನಿಯಮ ಇಲ್ಲ. ಫ್ಲಾರೆನ್ಸ್ ಕಥೆಡ್ರಲ್‌ನ ಗುಮ್ಮಟಕ್ಕೂ ಇಲ್ಲ. ಅದನ್ನು ನೋಡಿಕೊಳ್ಳೋದು 1296ರಿಂದ ಇರೋ ಬೇರೊಂದು ಸಂಸ್ಥೆ.

ಡಿಸೆಂಬರ್

ಮನೆ ಹುಡುಕೋದು ಬೇಸರದ ಕೆಲಸ. ಒಬ್ಬ ಮಾಲೀಕ ಚಂದದ ಫೋಟೋ ತೋರಿಸಿ, ದುಡ್ಡನ್ನು ನೇರ ತನ್ನ ಖಾತೆಗೆ ಹಾಕಿ, ಕಡಿಮೆ ಮಾಡಿಕೊಡ್ತೀನಿ ಅಂದ. ಬಿಟ್ಟುಬಿಟ್ಟೆ. ಎಷ್ಟೇ ಕಡಿಮೆ ಅಂದರೂ ಹಾಗೆ ಕಳಿಸಬಾರದು. ಈಗ ನಾಲ್ಕೂ ಕಡೆ ಅಡುಗೆಮನೆ ಇರೋ ಸಣ್ಣ ಮನೆ ಸಿಕ್ಕಿದೆ. ಎಲ್ಲ ಕಡೆ ರದ್ದು ಮಾಡೋ ಅವಕಾಶ ಇದೆ, ವೀಸಾ ಕೈಗೆ ಬರೋವರೆಗೆ ಅದು ಬೇಕೇಬೇಕು.

ನಾವು ಸಸ್ಯಾಹಾರಿಗಳು, ಹಾಗಾಗಿ ಊಟದ ಬಗ್ಗೆ ತುಂಬಾ ಓದಿದೆ. ಪಾರ್ಮೆಸಾನ್ ಚೀಸ್ ಮಾಡೋಕೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಹೆಪ್ಪಿನಿಂದ. ಪೆಕೊರಿನೊ ರೊಮಾನೋಗೆ ಕುರಿಮರಿಯದ್ದು. ಇದು ಗೊತ್ತಾದ ಮೇಲೆ ಅವೆರಡನ್ನೂ ಪಟ್ಟಿಯಿಂದ ತೆಗೆದೆವು. ಉಳಿದದ್ದೇನು ಕಡಿಮೆ ಇಲ್ಲ. ಮರಿನಾರಾ ಪಿಜ್ಜಾಗೆ ಚೀಸೇ ಇಲ್ಲ, ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ. ಕಡಲೆಕಾಳಿನ ಪಾಸ್ತಾ ಇದೆ. ಟಸ್ಕನಿಯಲ್ಲಿ ಹಳೇ ಬ್ರೆಡ್ಡು, ಹುರುಳಿಕಾಯಿ ಬೀಜ, ಎಲೆಕೋಸು ಹಾಕಿ ಕುದಿಸೋ ರಿಬೊಲ್ಲೀತಾ ಇದೆ. ಒಣ ಪಾಸ್ತಾಗೆ ಸಾಮಾನ್ಯವಾಗಿ ಮೊಟ್ಟೆ ಇರಲ್ಲ, ಹಸಿ ಪಾಸ್ತಾಗೆ ಇರೋದೇ ಜಾಸ್ತಿ.

ಅತ್ತೆ ಮೆಂತ್ಯದ ಹಿಟ್ಟು, ಚಟ್ನಿಪುಡಿ, ಸಾರಿನಪುಡಿ ಮಾಡಿಕೊಡುತ್ತಾರೆ. ತುಪ್ಪದ ಡಬ್ಬಿ ಬೇಡ ಅಂತ ಅವರಿಗೆ ಹೇಳೋದು ಕಷ್ಟವಾಯಿತು. ಹೊರದೇಶದಿಂದ ಹಾಲಿನ ಪದಾರ್ಥ ಅಲ್ಲಿಗೆ ಒಯ್ಯೋ ಹಾಗಿಲ್ಲ. ಹಸಿ ಕರಿಬೇವೂ ಇಲ್ಲ.

ಜನವರಿ

ಭಾಷೆ ಕಲಿಯೋದು ದಿನಕ್ಕೆ ಇಪ್ಪತ್ತು ನಿಮಿಷ, ರಾತ್ರಿ ಊಟದ ಮೇಲೆ. ಕನ್ನಡದವರಿಗೆ ಇಟಾಲಿಯನ್ ಉಚ್ಚಾರಣೆ ಸಲೀಸು. ಹೆಚ್ಚಿನ ಪದ ಸ್ವರದಲ್ಲೇ ಮುಗಿಯುತ್ತವೆ, ನಾವು ಬಸ್ಸು, ಕಾರು ಅಂದ ಹಾಗೆ. ಒತ್ತು ಬಂದರೆ ಅರ್ಥ ಬದಲು. ನಮ್ಮಲ್ಲಿ ಹಳಿ ಬೇರೆ, ಹಳ್ಳಿ ಬೇರೆ. ಅವರಲ್ಲಿ ಕಾಸಾ ಅಂದರೆ ಮನೆ, ಕಾಸ್ಸಾ ಅಂದರೆ ದುಡ್ಡು ಕಟ್ಟೋ ಕೌಂಟರ್. ಕಪೆಲ್ಲೋ ಕೂದಲು, ಕಪ್ಪೆಲ್ಲೋ ಟೋಪಿ. ಇಂಗ್ಲಿಷ್ ಮಾತಾಡೋರು ಇಲ್ಲಿ ತಿಣುಕುತ್ತಾರೆ, ನಮಗೆ ಚಿಕ್ಕಂದಿನಿಂದ ಅಭ್ಯಾಸ. ಅತ್ತೆಗೂ ಈಗ "ಬ್ವೋನಾ ನೊತ್ತೆ" (ಶುಭರಾತ್ರಿ) ಬರುತ್ತದೆ.

ವೀಸಾ ಕಾಗದ ಸೇರಿಸಿದ್ದೂ ಇದೇ ತಿಂಗಳು. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ನನ್ನ ರಜೆ ಪತ್ರ, ಶಾಲೆಯ ಪತ್ರ, ಪ್ರತಿ ರಾತ್ರಿಯ ಬುಕಿಂಗ್, ಕನಿಷ್ಠ 30 ಸಾವಿರ ಯೂರೋ ಮೊತ್ತದ ವಿಮೆ. ಅಪ್ಪ ಜೊತೆಗೆ ಬರುತ್ತಿಲ್ಲವಾದ್ದರಿಂದ ಅವರ ಒಪ್ಪಿಗೆ ಪತ್ರ, ನೋಟರಿ ಮಾಡಿಸಿದ್ದು. ಫೀಸು ತಲಾ 90 ಯೂರೋ. ಕಡಿಮೆ ಫೀಸು 12 ತುಂಬದವರಿಗೆ ಮಾತ್ರ. ಸ್ಟುಡಿಯೋದವರು ಫೋಟೋವನ್ನು ಬೇರೆ ಅಳತೆಗೆ ಕತ್ತರಿಸಿಬಿಟ್ಟಿದ್ದರು. ಬೇಕಾದದ್ದು 35ಕ್ಕೆ 45 ಮಿಲಿಮೀಟರ್. ಮತ್ತೆ ಹೋಗಿ ತೆಗೆಸಿದೆವು.

ಫೆಬ್ರವರಿ

ವೀಸಾ ಬಂತು! ಅಂಟಿಸಿದ ಚೀಟಿಯಲ್ಲಿ ತಾರೀಖನ್ನೂ ದಿನಗಳನ್ನೂ ಎರಡೆರಡು ಸಲ ನೋಡಿದೆ. ಇಳಿಯೋ ದಿನ, ಹೊರಡೋ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. 29 ರಾತ್ರಿ ಅಂದರೆ ಅವರ ಲೆಕ್ಕದಲ್ಲಿ 30 ದಿನ.

ಬಾಕಿ ಇರೋದು ಇಷ್ಟು. ಕೊಲೋಸಿಯಂ ಟಿಕೆಟ್ 30 ದಿನ ಮುಂಚೆ ಬಿಡುತ್ತಾರೆ, ಅಂದರೆ ಅವಳ ಪರೀಕ್ಷೆ ನಡುವೆ. ಅದು ನನ್ನ ಕೆಲಸ, ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಹಾಕಬೇಕು. ಏಪ್ರಿಲ್ 25 ಮತ್ತು ಮೇ 1 ಅಲ್ಲಿ ರಾಷ್ಟ್ರೀಯ ರಜೆ, ಆ ಎರಡು ದಿನ ಏನೂ ಇಟ್ಟುಕೊಂಡಿಲ್ಲ. ರೈಲು ಮುಷ್ಕರ ಆಗಾಗ ಇರುತ್ತದೆ, ಹಿಂದಿನ ವಾರ ನೋಡಿಕೊಳ್ಳಬೇಕು. ನಾವು ಅಲ್ಲಿರುವಾಗಲೇ ಫಲಿತಾಂಶ ಬಂದರೆ ಪಿಯು ಸೀಟಿಗೆ ಓಡಾಡೋದು ಅವಳಪ್ಪ. ಅವಳ ಫೋಟೋ, ಜೆರಾಕ್ಸ್, ಸಹಿ ಮಾಡಿದ ಕಾಗದ ಒಂದು ಕವರ್‌ನಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದೇನೆ.

ಫ್ಲಾರೆನ್ಸ್ ಗುಮ್ಮಟ ಹತ್ತೋಕೆ ದಿನ, ಸಮಯ ಮೊದಲೇ ಹೇಳಿ ಬುಕ್ ಮಾಡಬೇಕು. 463 ಮೆಟ್ಟಿಲು, ಲಿಫ್ಟ್ ಇಲ್ಲ. ಒಳಗಿನ ಗೋಡೆ, ಹೊರಗಿನ ಗೋಡೆ ಎರಡರ ನಡುವೆ ಹತ್ತಿಕೊಂಡು ಹೋಗೋದು. ಯಾವ ಹೊತ್ತಿಗೆ ಬುಕ್ ಮಾಡಲಿ ಅಂತ ಕೇಳಿದೆ. ಗಣಿತದ ಪುಸ್ತಕದಿಂದ ತಲೆ ಎತ್ತದೆ, "ಬೆಳಿಗ್ಗೆ ಎಲ್ಲಕ್ಕಿಂತ ಮೊದಲನೇದು" ಅಂದಳು.

ಬುಕ್ ಮಾಡಿದೆ. ನನ್ನ ಮೊಣಕಾಲಿಗೆ ಅಭ್ಯಾಸ ಆಗಲಿ ಅಂತ ಈ ಭಾನುವಾರದಿಂದ ಇಬ್ಬರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ಅಲ್ಲಿ ಸಾವಿರ ಇವೆ.