ಕೋಣೆ ಒಣಗಿತ್ತು, ಗಾಳಿ ಒಣಗಿರಲಿಲ್ಲ

ಲಿಥಿಯಂ ಬ್ಯಾಟರಿಗೆ ಪುಡಿ ತಯಾರಿಸುವ ನಮ್ಮ ಘಟಕದ ಬೆಳಗಿನ ಲ್ಯಾಬ್ ವರದಿಯಲ್ಲಿ ಎರಡು ಅಂಕಿ ಕೆಟ್ಟಿದ್ದವು. ಪ್ಯಾಕಿಂಗ್‌ನಿಂದ ತೆಗೆದ ಪುಡಿಯಲ್ಲಿ ತೇವಾಂಶ 640 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 640. ನಮ್ಮ ಮಿತಿ 300. ಲಿಥಿಯಂ ಕಾರ್ಬೊನೇಟ್ ಶೇ. 0.5, ಅದು 0.3 ದಾಟಬಾರದು. ಜುಲೈ ತಿಂಗಳು, ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯಲ್ಲಿ ವಾರದಿಂದ ಮಳೆ ಹೊಳವಾಗಿರಲಿಲ್ಲ. ಜರಡಿಯ ಹತ್ತಿರ ಇದ್ದ ಆಪರೇಟರ್ ಆಗಲೇ ಹೇಳಿದ್ದ: "ಸಾರ್, ಮೆಶ್ ಕಟ್ತಾ ಇದೆ, ಪುಡಿ ಸಲೀಸಾಗಿ ಇಳೀತಿಲ್ಲ."

ಪುಡಿ ಎಂದರೆ ಎನ್‌ಎಂಸಿ 811. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ 8:1:1 ಪ್ರಮಾಣದಲ್ಲಿರುವ ಕ್ಯಾಥೋಡ್ ವಸ್ತು, ಅಂದರೆ ಬ್ಯಾಟರಿಯ ಧನ ಧ್ರುವದ ಪುಡಿ. ಲಿಥಿಯಂ ಹೈಡ್ರಾಕ್ಸೈಡ್ ಬೆರೆಸಿ, ಸ್ಯಾಗರ್ ಎಂಬ ಬೆಂಕಿ ತಾಳುವ ಪಾತ್ರೆಗಳಲ್ಲಿ ತುಂಬಿ, ಕುಲುಮೆಯಲ್ಲಿ ಆಮ್ಲಜನಕ ಹರಿಸುತ್ತಾ 750 ಡಿಗ್ರಿ ಆಸುಪಾಸಿನಲ್ಲಿ ಸುಡುತ್ತೇವೆ. ನಿಕ್ಕಲ್ ಹೆಚ್ಚಿದಷ್ಟೂ ಇದು ತೇವಕ್ಕೆ ಸೂಕ್ಷ್ಮ. ಕಣದ ಮೇಲ್ಮೈಯ ಲಿಥಿಯಂ ನೀರಿನ ಆವಿ ಸೋಕಿದರೆ ಹೊರಬಂದು ಹೈಡ್ರಾಕ್ಸೈಡ್ ಆಗುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕೂಡಿಕೊಂಡು ಕಾರ್ಬೊನೇಟ್ ಆಗುತ್ತದೆ. ಆಷಾಢದಲ್ಲಿ ಉಪ್ಪಿನ ಭರಣಿ ನೀರೊಡೆಯುವುದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಕಾಣುವುದು ಸೆಲ್ ಮಾಡುವವರ ಮಿಕ್ಸರ್‌ನಲ್ಲಿ: ಈ ಕ್ಷಾರ ಪುಡಿಯನ್ನು ಹಿಡಿದಿಡುವ ಪಿವಿಡಿಎಫ್ ಎಂಬ ಅಂಟನ್ನು (ಬೈಂಡರ್) ಕೆಡಿಸಿ, ಹರಿಯಬೇಕಾದ ಸ್ಲರಿ, ಅಂದರೆ ಪುಡಿ ಕಲಸಿದ ದ್ರವ, ಕಪ್ಪು ಜೆಲ್ಲಿಯಾಗಿ ನಿಂತುಬಿಡುತ್ತದೆ.

ಮೊದಲು ತಿಳಿಯಬೇಕಾದದ್ದು, ತಪ್ಪು ಕುಲುಮೆಯ ಒಳಗೋ ಹೊರಗೋ ಎಂಬುದು. ಕುಲುಮೆಯ ಬಾಯಲ್ಲಿ ಸ್ಯಾಗರ್‌ನಿಂದ ನೇರ ಒಂದು ಸ್ಯಾಂಪಲ್, ಚೀಲದಿಂದ ಒಂದು. ತಲಾ 10 ಗ್ರಾಂ ಪುಡಿ, 100 ಮಿ.ಲೀ. ಅಯಾನು ತೆಗೆದ ನೀರು, ಕಲಕಿ, ಸೋಸಿ, 50 ಮಿ.ಲೀ. ತೆಗೆದು 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಟೈಟ್ರೇಶನ್, ಅಂದರೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಖರ್ಚಾಯಿತೆಂದು ಅಳೆಯುವುದು. ಪಿಹೆಚ್ 8.3ರ ಹತ್ತಿರ ಒಂದು ತಿರುವು, 4.5ರ ಹತ್ತಿರ ಇನ್ನೊಂದು; ಇವೆರಡರ ನಡುವೆ ಖರ್ಚಾದ ಆಮ್ಲವೇ ಕಾರ್ಬೊನೇಟಿನ ಲೆಕ್ಕ. ಕುಲುಮೆಯ ಸ್ಯಾಂಪಲ್‌ಗೆ 2.0 ಮಿ.ಲೀ., ಚೀಲದ್ದಕ್ಕೆ 3.4. ಸುಡುವುದು ಸರಿಯಾಗಿಯೇ ಆಗಿತ್ತು. ಪುಡಿ ಕೆಟ್ಟದ್ದು ಆಮೇಲೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಓಡುವುದು ಡ್ರೈ ರೂಮಿನ ಕಡೆಗೆ, ಪುಡಿ ಇಡುವ ಒಣ ಗಾಳಿಯ ಕೋಣೆಗೆ. ತೇವ ಹೀರುವ ಡಿಹ್ಯುಮಿಡಿಫೈಯರ್ ಚಕ್ರ ತಿರುಗುತ್ತಿತ್ತು, ಚಕ್ರವನ್ನು ಮತ್ತೆ ಒಣಗಿಸುವ ಬಿಸಿ ಗಾಳಿ 130 ಡಿಗ್ರಿ, ಕೋಣೆಯಲ್ಲಿ ಆರ್ದ್ರತೆ ಶೇ. 8. ಅಲ್ಲಿ ತಪ್ಪಿರಲಿಲ್ಲ. ಆದರೆ ಪುಡಿಗೆ ಹೆಚ್ಚು ತಾಗುವುದು ಕೋಣೆಯ ಗಾಳಿಯಲ್ಲ. ಗಾಳಿಯ ಹೊಡೆತದಿಂದಲೇ ಪುಡಿಯ ಗಂಟು ಒಡೆಯುವ ಯಂತ್ರ ಜೆಟ್ ಮಿಲ್; ಅದರಲ್ಲಿ ಒಂದು ಕಿಲೋ ಪುಡಿಯನ್ನು ಒಡೆಯಲು ಹಲವು ಘನ ಮೀಟರ್ ಸಂಕುಚಿತ ಗಾಳಿ ಪುಡಿಯ ಕಣಕಣಕ್ಕೂ ಬಡಿಯುತ್ತದೆ. ಆ ಗಾಳಿಯ ಡ್ಯೂ ಪಾಯಿಂಟ್, ಅಂದರೆ ತಣಿಸುತ್ತಾ ಹೋದರೆ ಅದರ ತೇವ ಹನಿಗಟ್ಟತೊಡಗುವ ಉಷ್ಣಾಂಶ, ಮೈನಸ್ 40 ಡಿಗ್ರಿ ಇರಬೇಕು; ಅದು ಕೆಳಗಿದ್ದಷ್ಟೂ ಗಾಳಿ ಒಣ. ಈ ಗಾಳಿಯನ್ನು ಒಣಗಿಸುವ ಡ್ರೈಯರ್ ಮೇಲೆ ಇದ್ದದ್ದು ತೇವಕ್ಕೆ ನೀಲಿಯಿಂದ ಗುಲಾಬಿಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್‌ನ ಗಾಜಿನ ಕಿಂಡಿ ಮಾತ್ರ. ಹಳೆಯದಾಗಿ ನೀಲಿಯೋ ಗುಲಾಬಿಯೋ ಹೇಳುವಂತಿರಲಿಲ್ಲ.

ಕೈಯಲ್ಲಿ ಹಿಡಿಯುವ ಡ್ಯೂ ಪಾಯಿಂಟ್ ಮೀಟರ್ ತಂದು ಜೋಡಿಸಿದೆವು. ಇಲ್ಲಿ ಒಂದು ಎಚ್ಚರ ಬೇಕು: ನೈಲಾನ್, ಪಾಲಿಯುರೆಥೇನ್ ಟ್ಯೂಬು ಹಾಕಿದರೆ ಹೊರಗಿನ ತೇವ ಟ್ಯೂಬಿನ ಗೋಡೆಯ ಮೂಲಕವೇ ಒಳಬರುತ್ತದೆ, ಮೀಟರ್ ಸುಳ್ಳು ಹೇಳುತ್ತದೆ. ಸ್ಟೀಲ್ ಅಥವಾ ಟೆಫ್ಲಾನ್ ಟ್ಯೂಬೇ ಆಗಬೇಕು, ಅಂಕಿ ನಿಲ್ಲುವ ತನಕ ಗಾಳಿ ಹರಿಸಬೇಕು. ಅಂಕಿ ನಿಂತದ್ದು ಮೈನಸ್ 6ರಲ್ಲಿ.

ಕಾರಣ ಸಿಕ್ಕಿದ್ದು ಡ್ರೈಯರ್‌ಗಿಂತ ಹಿಂದೆ. ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಪಳಗಿದ ಹಿರಿಯ ಫಿಟ್ಟರ್ ಒಬ್ಬರು ನೀರು ಬೇರ್ಪಡಿಸುವ ಪಾತ್ರೆಯ ಕೆಳಗಿನ ಡ್ರೈನ್ ಪೈಪು ಮುಟ್ಟಿ, "ಇದು ಒಣಗಿಹೋಗಿದೆ ಸಾರ್, ಈ ಮಳೇಲಿ ಒಣಗಿರಬಾರದು" ಎಂದರು. ಲೆಕ್ಕ ಹಾಕಿದರೆ ಅವರ ಮಾತು ಎಷ್ಟು ಸರಿ ಎಂದು ಗೊತ್ತಾಗುತ್ತದೆ. 25 ಡಿಗ್ರಿ, ಶೇ. 85 ಆರ್ದ್ರತೆಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 20 ಗ್ರಾಂ ನೀರು. ನಿಮಿಷಕ್ಕೆ 10 ಘನ ಮೀಟರ್ ಎಳೆಯುವ ಕಂಪ್ರೆಸರ್ ಗಂಟೆಗೆ 12 ಲೀಟರ್ ನೀರು ಕುಡಿಯುತ್ತದೆ. 7 ಬಾರ್‌ಗೆ ಒತ್ತಿ 35 ಡಿಗ್ರಿಗೆ ತಣಿಸಿದಾಗ ಅದರಲ್ಲಿ ಸುಮಾರು 9 ಲೀಟರ್ ಹನಿಗಟ್ಟಿ ಈ ಡ್ರೈನ್‌ನಿಂದಲೇ ಹೊರಬೀಳಬೇಕು. ಬಿಚ್ಚಿ ನೋಡಿದರೆ ಫ್ಲೋಟ್ ವಾಲ್ವಿನ ಸೀಟಿನಲ್ಲಿ ತುಕ್ಕು ಮತ್ತು ಎಣ್ಣೆ ಸೇರಿದ ಕಂದು ಅಂಟು. ಪಾತ್ರೆ ತುಂಬಿ, ನೀರು ನೀರಾಗಿಯೇ ಡ್ರೈಯರ್‌ಗೆ ನುಗ್ಗಿತ್ತು. ಡ್ರೈಯರ್ ಒಳಗೆ ತುಂಬಿರುವ ಅಲ್ಯುಮಿನಾ ಗುಂಡುಗಳು ಆವಿ ಹೀರಬಲ್ಲವು. ನೀರಲ್ಲೇ ನೆಂದರೆ ಸೋಲುತ್ತವೆ, ಪುಡಿಯಾಗುತ್ತವೆ.

ಗುಂಡುಗಳನ್ನು ಬದಲಿಸಿದೆವು. ಫ್ಲೋಟಿನ ಜಾಗಕ್ಕೆ ನೀರಿನ ಮಟ್ಟ ನೋಡಿ ತೆರೆದುಕೊಳ್ಳುವ ಎಲೆಕ್ಟ್ರಾನಿಕ್ ಡ್ರೈನ್, ಅದರ ಮುಂದೆ ವಾರಕ್ಕೊಮ್ಮೆ ತೊಳೆಯುವ ಸ್ಟ್ರೈನರ್ (ಕಸ ತಡೆಯುವ ಜಾಲರಿ), ಪಕ್ಕದಲ್ಲಿ ಪ್ರತಿ ಪಾಳಿಯೂ ಕೈಯಿಂದ ತೆರೆದು ನೋಡುವ ವಾಲ್ವು ಬಂದವು. ಡ್ರೈಯರ್ ಹೊರಬಾಯಿಗೆ ಕಾಯಂ ಡ್ಯೂ ಪಾಯಿಂಟ್ ಮೀಟರ್. ಮೈನಸ್ 30 ದಾಟಿ ಮೇಲೇರಿದರೆ ಜೆಟ್ ಮಿಲ್ಲಿಗೆ ಪುಡಿ ಉಣಿಸುವ ಫೀಡರ್ ತಾನೇ ನಿಲ್ಲುತ್ತದೆ. ನನ್ನ ಮಟ್ಟಿಗೆ ತಾನೇ ತಡೆಯುವ ಈ ಇಂಟರ್‌ಲಾಕ್ ಮಲೆನಾಡಿನ ಘಟಕದಲ್ಲಿ ಐಚ್ಛಿಕವಲ್ಲ.

ಕೆಟ್ಟ ಲಾಟನ್ನು (ಆ ಕಂತಿನ ಪುಡಿಯನ್ನು) ವ್ಯಾಕ್ಯೂಮ್ ಓವನ್‌ನಲ್ಲಿ 120 ಡಿಗ್ರಿಗೆ ಒಣಗಿಸಿ ಕಳಿಸೋಣ ಎಂಬ ಸಲಹೆ ಬಂತು. ಹಾಗೆ ಮಾಡಿದರೆ ತೇವಾಂಶ ಅಳೆಯುವ ಕಾರ್ಲ್ ಫಿಷರ್ ಪರೀಕ್ಷೆಯ ಅಂಕಿ ಚೆನ್ನಾಗಿ ಬರುತ್ತದೆ, ನೀರು ಹೋಗುತ್ತದೆ. ಕಾರ್ಬೊನೇಟ್ ಅಲುಗುವುದಿಲ್ಲ, ಅದು ಕರಗುವುದೇ 723 ಡಿಗ್ರಿಯಲ್ಲಿ. ಆದ್ದರಿಂದ ಮತ್ತೆ ಸ್ಯಾಗರ್‌ಗೆ ತುಂಬಿ, ಆಮ್ಲಜನಕದ ಹರಿವು ಹೆಚ್ಚಿಸಿ, ಮರುಸುಟ್ಟೆವು. ಕಾರ್ಬೊನೇಟ್ 0.28ಕ್ಕೆ ಇಳಿಯಿತು. ಕಣಗಳು ಒಂದಿಷ್ಟು ಗಂಟುಕಟ್ಟಿದ್ದರಿಂದ ಲಾಟು ಇನ್ನೊಮ್ಮೆ ಜೆಟ್ ಮಿಲ್ ಹತ್ತಿತು, ಹೊಸ ಮೀಟರ್ ಮೈನಸ್ 40 ತೋರಿಸಿದ ಮೇಲೆ.